ಉತ್ತರಕ್ಕ ಮಳಿ ಬ್ಯಾಡ

ಮಳೆಯನ್ನು ಬೇಕಾದಲ್ಲಿ ತಡೆದು ಬೇಕಾದಲ್ಲಿ ಬಿಡಬಹುದು ಅಂತಾದ ಮೇಲೆ ನಮ್ಮ ಜನ ದೇವರನ್ನು ಬೈಯುವುದು ಬಿಟ್ಟು, ಧಾರವಾಡದ ಹೊರಗೆ ಗುಡ್ಡದ ಮೇಲಿದ್ದ ಮೋಡ ಹಂಚಿಕೆ ಕೇಂದ್ರವನ್ನು ಬೈಯತೊಡಗಿದರು. ದೇವರಿಗೆ ಫೋನ್ ಇರಲಿಲ್ಲ, ಕೇಂದ್ರಕ್ಕೆ ಇತ್ತು. ಅಲ್ಲಿ ಫೋನ್ ಎತ್ತಿ ಗುಂಡಿ ಒತ್ತುವವರಿಗೆ ಸರ್ಕಾರ ಮಾರುದ್ದದ ಹೆಸರಿಟ್ಟಿತ್ತು. ಹಳ್ಳಿಯವರಿಗೆ ಅಷ್ಟು ಪುರುಸೊತ್ತೆಲ್ಲಿ? ಕೆರೆಯ ನೀರು ಹಂಚುವವನು ನೀರಗಂಟಿಯಾದರೆ ಇವರು ಮಳೆಗಂಟಿಗಳು ಅಂತ ಕರೆದು ಮುಗಿಸಿದ್ದರು.

ದಾಕ್ಷಾಯಣಿ ಕಮತಗಿ ಅಂಥ ಮಳೆಗಂಟಿ, ಹಗಲು ಪಾಳಿಯ ಮುಖ್ಯಸ್ಥೆ. ಕೆಲಸ ಬಲ್ಲವಳು, ಮಾತು ಕಡಿಮೆ. ದೇಶದ ಅನ್ನದ ಚಿಂತೆಯಿಂದ ಈ ಕೆಲಸಕ್ಕೆ ಬಂದೆನೆಂದು ಸಂದರ್ಶನದಲ್ಲಿ ಹೇಳಿದ್ದಳು. ಶುದ್ಧ ಸುಳ್ಳು. ಅವಳು ಬಂದಿದ್ದು ಒಬ್ಬ ಮನುಷ್ಯನಿಗೆ ಮಣ್ಣು ಮುಕ್ಕಿಸಲು. ಆ ಮನುಷ್ಯ ಅದೇ ಕಟ್ಟಡದ ಮೇಲ್ಮಹಡಿಯ ಗಾಜಿನ ಕೋಣೆಯಲ್ಲಿ ಕೂರುತ್ತಿದ್ದ, ಅವಳು ನಮಸ್ಕಾರ ಹೇಳಿದಾಗಲೆಲ್ಲ ಗತ್ತಿನಿಂದ ತಲೆಯಾಡಿಸುತ್ತಿದ್ದ. ಹೆಸರು ಡಾಕ್ಟರ್ ಲೋಕನಾಥಯ್ಯ, ಕೇಂದ್ರದ ನಿರ್ದೇಶಕ.

ಮೋಡ ಹಂಚುವ ವಿದ್ಯೆ ಕೇಳಲು ಮಾಯೆಯಂತಿದ್ದರೂ ಹೇಳಲು ಸುಲಭ. ಮೋಡವೆಂದರೆ ಕೋಟಿಗಟ್ಟಲೆ ಸಣ್ಣ ಹನಿಗಳು. ಅವು ಒಂದಕ್ಕೊಂದು ಕೂಡಿ ದಪ್ಪಗಾದರೆ ಮಾತ್ರ ಕೆಳಗೆ ಬೀಳುತ್ತವೆ. ಘಟ್ಟದ ನೆತ್ತಿಯಿಂದ ಬಯಲುಸೀಮೆಯವರೆಗೆ ನೆಟ್ಟಿದ್ದ ಎತ್ತರದ ಕಂಬಗಳು ಆ ಹನಿಗಳಿಗೆಲ್ಲ ಒಂದೇ ಬಗೆಯ ವಿದ್ಯುತ್ತು ತುಂಬುತ್ತಿದ್ದವು. ಒಂದೇ ಬಗೆಯದು ತುಂಬಿದೊಡನೆ ಹನಿಗಳು ದಾಯಾದಿಗಳ ಹಾಗೆ ಒಂದನ್ನೊಂದು ದೂರ ತಳ್ಳುತ್ತವೆ, ಮೋಡ ಬಸಿರು ಹೊತ್ತೇ ಮುಂದೆ ಸಾಗುತ್ತದೆ. ಇದಕ್ಕೆ ತಡೆ ಅನ್ನುತ್ತಿದ್ದರು. ಬೇಕಾದ ಹೊಲದ ಮೇಲೆ ಬಂದಾಗ ಅರ್ಧ ಹನಿಗಳ ವಿದ್ಯುತ್ತನ್ನು ತಿರುವಿಬಿಟ್ಟರೆ ಸಾಕು, ಇಷ್ಟು ಹೊತ್ತು ಜಗಳಾಡಿದವು ಓಡಿ ಬಂದು ತಬ್ಬಿಕೊಂಡು ಮಳೆಯಾಗಿ ಸುರಿಯುತ್ತವೆ. ಆದರೆ ತಡೆದ ಮೋಡವನ್ನು ಬಹಳ ಹೊತ್ತು ಹೊತ್ತುಕೊಂಡಿರಲು ಆಗದು. ಇಲ್ಲಿ ತಡೆದದ್ದನ್ನು ಪಕ್ಕದಲ್ಲೆಲ್ಲಾದರೂ ಬಿಡಲೇಬೇಕು.

ಜಗಳ ಹುಟ್ಟುತ್ತಿದ್ದುದೇ ಅಲ್ಲಿ. ಕೇಂದ್ರದ ಗೋಡೆಯ ತುಂಬ ದೇಶದ ನಕ್ಷೆ, ಅದರ ಮೇಲೆ ಬೆಳೆಗಳ ಬಣ್ಣ. ಭತ್ತದವರಿಗೆ ತೆನೆ ಕಟ್ಟುವ ತನಕ ನೀರು ನಿಂತಿರಬೇಕು. ಪಂಜಾಬಿನ ಗೋಧಿಗೆ ಚಳಿ ಬೇಕು, ಕೊಯ್ಲಿನ ಹೊತ್ತಿಗೆ ಆಲಿಕಲ್ಲು ಬೇಡ. ಮಾಳವದಿಂದ ಹಿಡಿದು ಮಲಪ್ರಭೆಯ ದಂಡೆಯವರೆಗೆ ಹಬ್ಬಿದ ಸೋಯಾಬೀನಿಗೆ ಹೂ ಬಿಡುವಾಗ, ಕಾಯಿ ತುಂಬುವಾಗ ಮಳೆ ಬೇಕು. ಕಾಯಿ ಒಣಗಿ ಗಲಗಲ ಅನ್ನತೊಡಗಿದ ಮೇಲೆ ಹನಿಯೂ ಬೀಳಕೂಡದು. ಬಿದ್ದರೆ ಗಿಡದ ಮೇಲಿನ ಕಾಯಿಯೊಳಗೇ ಕಾಳು ಮೊಳೆಯುತ್ತದೆ, ಉಳಿದದ್ದು ಕಪ್ಪಾಗಿ ಮುಗ್ಗುತ್ತದೆ. ಅದೇ ಹೊತ್ತಿಗೆ ಪಕ್ಕದ ಎರೆಹೊಲದವನು ಹಿಂಗಾರಿ ಜೋಳ ಬಿತ್ತಲು ಮಳೆಗಾಗಿ ಬಾಯಿ ಬಿಡುತ್ತಿರುತ್ತಾನೆ. ಒಂದು ಬದುವಿನ ಆಚೆಗೆ ಅಮೃತವಾದದ್ದು ಈಚೆಗೆ ವಿಷ.

ಸಾಲದ್ದಕ್ಕೆ ಮದುವೆ ಚಪ್ಪರದವರು, ಇಟ್ಟಿಗೆ ಭಟ್ಟಿಯವರು, ಮಾಳಿಗೆ ಮೇಲೆ ಶಾವಿಗೆ ಒಣಹಾಕಿದವರು ಎಲ್ಲರದೂ ಫೋನು. ಜನ ಆಕಾಶ ನೋಡುವುದನ್ನೇ ಬಿಟ್ಟಿದ್ದರು. ಮಕ್ಕಳಂತೂ ಮಳೆ ಗುಡ್ಡದ ಮೇಲಿನ ಆಫೀಸಿನಿಂದಲೇ ಬರುತ್ತದೆಂದು ನಂಬಿದ್ದವು. ಮಳೆ ತಪ್ಪಿದರೆ ಒಂದು ಸಮಾಧಾನವಿತ್ತು, ಯಾರನ್ನು ಬೈಯಬೇಕೆಂಬುದು ಗೊತ್ತಿತ್ತು.

ದಾಕ್ಷಾಯಣಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅವಳ ಊರು ಸಂಗನಹಟ್ಟಿ, ಮಲಪ್ರಭೆಯ ದಕ್ಷಿಣ ದಂಡೆಯದು. ಅವ್ವ ಅಪ್ಪ ಬೇಗ ಹೋದ ಮೇಲೆ ಅವಳನ್ನು ಸಾಕಿದವಳು ಅಕ್ಕ ಗೌರವ್ವ. ಗೌರವ್ವನ ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಬಹಳ ದಿನ ಸೊಲ್ಲಾಪುರದ ರಸ್ತೆಯ ಮೇಲೇ ಇರುವವನು. ಹಾಗಾಗಿ ಗೌರವ್ವ ತವರಿನಲ್ಲೇ ಉಳಿದು ತಂಗಿಯನ್ನು ಓದಿಸಿದಳು, ಊರ ಹೆಂಗಸರನ್ನು ಕೂಡಿಸಿ ಬೀಜದ ಸಂಘ ಕಟ್ಟಿದಳು. ಅವರು ಬೆಳೆಯುತ್ತಿದ್ದದ್ದು ತಿನ್ನುವ ಸೋಯಾ ಅಲ್ಲ, ಬಿತ್ತುವ ಸೋಯಾ. ಇಡೀ ತಾಲೂಕು ಬಿತ್ತಿಗೆಗೆ ಸಂಗನಹಟ್ಟಿಯ ಬೀಜಕ್ಕೆ ಕಾಯುತ್ತಿತ್ತು. ಗೌರವ್ವನ ಬೀಜ ಅಂದರೆ ಮೊಳೆತೇ ಮೊಳೆಯುತ್ತದೆ ಅಂತ ಜನ ಕಣ್ಣು ಮುಚ್ಚಿ ಒಯ್ಯುತ್ತಿದ್ದರು.

ದಾಕ್ಷಾಯಣಿ ಕಾಲೇಜಿನಲ್ಲಿದ್ದ ವರ್ಷ, ಬೀಜದ ಬೆಳೆ ಒಣಗಿ ಕೊಯ್ಲಿಗೆ ನಿಂತಿದ್ದಾಗ, ಉತ್ತರಾ ಮಳೆ ಹತ್ತಿರ ಬಂತು. ರೋಹಿಣಿ, ಮೃಗಶಿರ, ಆರಿದ್ರಾ ಅಂತ ನಕ್ಷತ್ರದ ಲೆಕ್ಕದಲ್ಲಿ ಮಳೆ ಹೆಸರಿಸುವ ನಾಡಿದು. ಉತ್ತರಾ ಆದ ಮೇಲೆ ಹಸ್ತಾ, ಆಮೇಲೆ ಚಿತ್ತಾ. ಸಂಘದ ಪರವಾಗಿ ಗೌರವ್ವ ಕೇಂದ್ರಕ್ಕೆ ಫೋನ್ ಮಾಡಿ, "ಸಾಹೇಬ್ರ, ನಮಗ ಉತ್ತರಕ್ಕ ಮಳಿ ಬ್ಯಾಡ್ರಿ. ಹಸ್ತಾಕ್ಕ ಬಿಡ್ರಿ, ನಡೀತೈತಿ" ಅಂದಳು.

ಆವತ್ತು ಫೋನ್ ಎತ್ತಿದವನು ಲೋಕನಾಥಯ್ಯ. ಆಗಿನ್ನೂ ಹೊಸಬ, ಮೈಸೂರ ಕಡೆಯವನು, ನಕ್ಷೆ ಓದಿ ನಾಡು ತಿಳಿದವನು. ಅವನ ನಕ್ಷೆಯಲ್ಲಿ ಹೊಳೆಯ ಉತ್ತರ ದಂಡೆ, ದಕ್ಷಿಣ ದಂಡೆ ಅಂತ ಎರಡು ಭಾಗ. ಉತ್ತರ ಅಂದರೆ ಅವನಿಗೆ ದಿಕ್ಕು. ಹಸ್ತಾ ಅಂದದ್ದು ಏನೆಂದು ಅವನಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಉತ್ತರ ದಂಡೆಗೆ ತಡೆ ಹಾಕಿದ. ತಡೆದದ್ದನ್ನು ಪಕ್ಕದಲ್ಲಿ ಬಿಡಬೇಕಲ್ಲ? ಎರಡು ದಂಡೆಯ ಮಳೆಯೂ ಒಟ್ಟಾಗಿ ಸಂಗನಹಟ್ಟಿಯ ಮೇಲೆ ಬಿತ್ತು. ಸಂಘದ ಬೀಜವೆಲ್ಲ ಗಿಡದ ಮೇಲೇ ಮೊಳೆಯಿತು.

ತಪ್ಪು ಮಾಡುವುದು ಮನುಷ್ಯನ ಗುಣ, ಅಷ್ಟಕ್ಕೆ ಯಾರೂ ಇಷ್ಟು ವರ್ಷ ಹಲ್ಲು ಕಡಿಯುತ್ತ ಕೂರುವುದಿಲ್ಲ. ಲೋಕನಾಥಯ್ಯ ಆಮೇಲೆ ಮಾಡಿದ್ದನ್ನು ದಾಕ್ಷಾಯಣಿ ಕ್ಷಮಿಸಲಿಲ್ಲ. ಊರ ಚಾವಡಿಯಲ್ಲಿ ಜನ ಸೇರಿಸಿ, ಧ್ವನಿಮುದ್ರಣದಿಂದ ಒಂದೇ ಒಂದು ಮಾತು ಕೇಳಿಸಿದ: 'ಉತ್ತರಕ್ಕ ಮಳಿ ಬ್ಯಾಡ್ರಿ.' ಹಸ್ತಾದ ಮಾತನ್ನು ಕತ್ತರಿಸಿ ಹಾಕಿದ್ದ. "ನೋಡಿ, ನಿಮ್ಮ ಗೌರವ್ವನವರೇ ಉತ್ತರ ದಂಡೆಗೆ ಬೇಡ ಅಂದಿದ್ದಾರೆ. ನಮ್ಮದೇನೂ ತಪ್ಪಿಲ್ಲ" ಅಂದ. ಗೌರವ್ವನ ಗಂಡನ ಊರು ಉತ್ತರ ದಂಡೆಯದಾಗಿತ್ತು. ಗಂಡನ ಮನೆಯವರ ಬೆಳೆ ಉಳಿಸಲು ತವರಿನ ಬೆಳೆ ಮುಳುಗಿಸಿದಳು ಅಂತ ಮಾತಾಯಿತು. ಅವಳ ಕೈಯ ಒಂದು ಕಾಳನ್ನೂ ಯಾರೂ ಮುಟ್ಟದಾದರು, ಬಾವಿಕಟ್ಟೆಯಲ್ಲಿ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೊರಟರು. ಗೌರವ್ವ ಯಾರಿಗೂ ಒಂದು ಮಾತನ್ನೂ ಹೇಳದೆ ಮನೆಗೆ ಬೀಗ ಹಾಕಿ, ಧಾರವಾಡದಲ್ಲಿ ಓದುತ್ತಿದ್ದ ತಂಗಿಯ ಬಳಿಗೆ ಬಂದುಬಿಟ್ಟಳು.

ದಾಕ್ಷಾಯಣಿಯ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಈಗ ಅವಳು ರೊಟ್ಟಿ ಬಡಿಯುತ್ತಾಳೆ, ಬಾಲ್ಕನಿಯ ಕುಂಡಗಳಲ್ಲಿ ಮೆಂತ್ಯ ಬೆಳೆಯುತ್ತಾಳೆ. ಸೋಯಾದ ಒಂದು ಗಿಡವನ್ನೂ ಇಟ್ಟಿಲ್ಲ.

ಒಂದು ಬೆಳಿಗ್ಗೆ ತಾಟಿಗೆ ರೊಟ್ಟಿ ಹಾಕಿಸಿಕೊಳ್ಳುತ್ತ ದಾಕ್ಷಾಯಣಿ ಅಂದಳು, "ಅಕ್ಕಾ, ಅಂವ ದಿಲ್ಲಿಗೆ ಹೊಂಟಾನ. ಇಡೀ ದೇಶದ ಮೋಡಕ್ಕ ಯಜಮಾನ ಆಗ್ತಾನಂತ."

"ಯಾರು?"

"ಯಾರು ಅಂತ ಕೇಳ್ತಿಯಲ್ಲ! ಲೋಕನಾಥಯ್ಯ. ನಿನ್ನ ಹೆಸರು ಕೆಡಿಸಿದಾಂವ."

ಗೌರವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. "ಬದನಿಕಾಯಿ ಪಲ್ಯಾ ಇನ್ನೊಂದೀಟು ಹಾಕ್ಲ್ಯಾ?"

"ಪಲ್ಯಾ ಒತ್ತಟ್ಟಿಗಿರ್ಲಿ. ನಾ ಅವನ್ನ ಸುಮ್ಮನ ಬಿಡಂಗಿಲ್ಲ ಅಕ್ಕಾ. ಅಂವ ಹತ್ತು ಮಂದ್ಯಾಗ ನಿನ್ನ ಹೆಸರು ತಗೊಂಡು, ತಪ್ಪು ನಂದು ಅನ್ನಬೇಕು. ಅನ್ನಸ್ತೀನಿ."

"ನೌಕರಿಗೆ ಹೊತ್ತಾತು, ಉಣ್ಣು" ಅಂದಳು ಗೌರವ್ವ. ಈ ವಿಷಯ ಬಂದಾಗಲೆಲ್ಲ ಅವಳು ಹೀಗೆಯೇ ಜಾರಿಕೊಳ್ಳುತ್ತಿದ್ದಳು. ಅಕ್ಕನದು ಹೆಂಗರುಳು, ಅವಳ ಪಾಲಿನ ಸಿಟ್ಟನ್ನೂ ತಾನೇ ಇಟ್ಟುಕೊಳ್ಳಬೇಕು ಅಂತ ದಾಕ್ಷಾಯಣಿ ತೀರ್ಮಾನಿಸಿ ಬಹಳ ಕಾಲವಾಗಿತ್ತು.

ಅವಳು ಸಿಟ್ಟನ್ನು ಬೆಚ್ಚಗಿಟ್ಟು ಕಾಪಾಡಿದ ಬಗೆ ನೋಡಿದರೆ ಯಾರಿಗಾದರೂ ಮೆಚ್ಚುಗೆಯಾಗಬೇಕು. ಕೇಂದ್ರಕ್ಕೆ ಬಂದ ಹೊಸದರಲ್ಲಿ ಅವಳು ಕೈಗೆತ್ತಿಕೊಂಡದ್ದು 'ಕಿವಿ'ಯ ಕೆಲಸ. ಕಿವಿ ಅಂದರೆ ಫೋನಿನಲ್ಲಿ ಬಂದ ಮಾತು ಕೇಳಿ ಅದನ್ನು ಆದೇಶವಾಗಿ ಬದಲಿಸುವ ಯಂತ್ರ. ಅದಕ್ಕೆ ಪುಸ್ತಕದ ಕನ್ನಡ ಬರುತ್ತಿತ್ತು, ಹೊಲದ ಕನ್ನಡ ಬರುತ್ತಿರಲಿಲ್ಲ. ದಾಕ್ಷಾಯಣಿ ಅದಕ್ಕೆ ಒಂದೊಂದೇ ಮಳೆಯ ಹೆಸರು ಕಲಿಸಿದಳು. ಮಘಾ ಮಳೆಗೆ ಯಾವ ಊರಲ್ಲಿ ಮಘಿ ಅನ್ನುತ್ತಾರೆ, ಹುಬ್ಬಾಕ್ಕೆ ಯಾವ ಊರಲ್ಲಿ ಹುಬ್ಬಿ ಅನ್ನುತ್ತಾರೆ, ಎಲ್ಲ ಕಲಿಸಿದಳು. ಎರಡರ್ಥದ ಮಾತು ಬಂದರೆ ಪಾಳಿಯ ಮುಖ್ಯಸ್ಥರನ್ನು ಕೇಳಬೇಕೆಂಬುದನ್ನೂ ಕಲಿಸಿದಳು. ಲೋಕನಾಥಯ್ಯನಿಗೆ ಇದು ಬಹಳ ಹಿಡಿಸಿತು. ಟೀವಿಯಲ್ಲಿ ಕೂತು, "ನಮ್ಮ ಯಂತ್ರಕ್ಕೆ ರೈತರ ನಾಲಿಗೆಯೇ ಬರುತ್ತೆ, ಅದು ನನ್ನ ಕನಸಾಗಿತ್ತು" ಅಂದ. ದಾಕ್ಷಾಯಣಿಯ ಹೆಸರು ಹೇಳಲಿಲ್ಲ. ಅವಳಿಗೆ ಅದರಿಂದ ಬೇಸರವಾಗುವ ಬದಲು ಖುಷಿಯೇ ಆಯಿತು. ಕನಸು ಅವನದೇ ಅಂತ ಊರಿಗೆಲ್ಲ ಗೊತ್ತಿರಲಿ, ಮುಂದೆ ಉಪಯೋಗಕ್ಕೆ ಬಂದೀತು.

ದಿಲ್ಲಿಗೆ ಹೋಗುವ ಮುನ್ನ ಅವನಿಗೊಂದು ಮೆರವಣಿಗೆ ಬೇಕಿತ್ತು. ಉತ್ತರ ದಂಡೆಯಲ್ಲಿ ಕೇಂದ್ರದ್ದೇ ಒಂದು ಮಾದರಿ ಹೊಲವಿತ್ತು. ಅಲ್ಲಿ ಮಳೆಯನ್ನು ಚಮಚದಲ್ಲಿ ಅಳೆದು ಹಾಕಿದ ಹಾಗೆ ಬಿಟ್ಟು ಸೋಯಾ ಬೆಳೆಸಿದ್ದ. ಕಾಯಿ ಗೊಂಚಲು ಗೊಂಚಲಾಗಿ ಒಣಗಿ ನಿಂತಿತ್ತು. ದಿಲ್ಲಿಯ ಧಾನ್ಯ ಮಂಡಳಿಯವರು ಬಂದು ನೋಡುವ ದಿನವೇ ಅವರ ಕಣ್ಣೆದುರು ಕೊಯ್ಯಬೇಕೆಂದು ಗೊತ್ತಾಯಿತು. ಆ ದಿನ ಉತ್ತರಾ ಮುಗಿದು ಹಸ್ತಾ ಕೂಡಿದ ಮೇಲೆ ಬೀಳುತ್ತಿತ್ತು. ಲೋಕನಾಥಯ್ಯನಿಗೆ ತಾರೀಖು ಗೊತ್ತಿತ್ತು, ಹಸ್ತಾ ಗೊತ್ತಿರಲಿಲ್ಲ. ಯಂತ್ರಕ್ಕೆ ಬಂದ ರೈತರ ನಾಲಿಗೆ ಅವನಿಗೆ ಕೊನೆಗೂ ಬಂದಿರಲಿಲ್ಲ.

ಉತ್ತರಾ ಕೂಡಿದ ಬೆಳಿಗ್ಗೆ ಅವನ ಫೋನು ನಿಯಂತ್ರಣ ಕೋಣೆಗೆ ಬಂತು.

"ದಾಕ್ಷಾಯಣಿಯವರೇ, ನೋಡಮ್ಮ, ಉತ್ತರಕ್ಕೆ ಮಳೆ ಬೇಡ. ಒಂದು ಹನಿ ಕೂಡ. ಗೊತ್ತಾಯ್ತಲ್ಲ?"

"ಉತ್ತರಕ್ಕ ಮಳಿ ಬ್ಯಾಡ. ಆತ್ರಿ ಸರ್" ಅಂದಳು ದಾಕ್ಷಾಯಣಿ.

ಫೋನ್ ಇಟ್ಟಳು. ಎದುರಿನ ಪರದೆಯ ಮೇಲೆ ಕಿವಿ ಪ್ರಶ್ನೆ ಕೇಳುತ್ತಿತ್ತು: ಉತ್ತರ — ದಿಕ್ಕೋ, ಮಳೆಯೋ? ಇಂಥದೊಂದು ಪ್ರಶ್ನೆಗಾಗಿ ಅವಳು ಯೌವನವನ್ನೆಲ್ಲ ಈ ಕುರ್ಚಿಯಲ್ಲಿ ಸವೆಸಿದ್ದಳು. ಅವಳಿಗೆ ನಗು ಬಂತು, ಅಳುವೂ ಬಂತು.

ಪಕ್ಕದ ಮೇಜಿನ ಕಲ್ಮೇಶ ಇಣುಕಿ ನೋಡಿದ. ಅವನೂ ಸವದತ್ತಿ ಕಡೆಯವನು, ಹೊಲ ಉಳುವವರ ಮನೆಯವನು. "ಮೇಡಂ, ಸಾಹೇಬ್ರು ದಂಡಿ ಬಗ್ಗೆ ಹೇಳ್ಯಾರ ಅನಸ್ತೈತಿ. ಒಮ್ಮೆ ಕೇಳಿಬಿಡ್ರಲ್ಲ."

"ನೀ ಹೇಳು ಕಲ್ಮೇಶ. ನಿಮ್ಮ ಮನ್ಯಾಗ, ಈ ಹೊತ್ತಿನ್ಯಾಗ, ಉತ್ತರಕ್ಕ ಮಳಿ ಬ್ಯಾಡ ಅಂದ್ರ ಏನರ್ಥ?"

"ನಮ್ಮ ಮನ್ಯಾಗ ಅಂದ್ರ... ಉತ್ತರಾ ಮಳಿ ಬ್ಯಾಡಂತ."

"ಸಾಹೇಬ್ರು ಟೀವ್ಯಾಗ ಹೇಳ್ಯಾರಲ್ಲ, ನಾವು ರೈತರ ನಾಲಿಗೀಲೆ ಮಾತಾಡ್ತೀವಂತ. ದೊಡ್ಡವರ ಮಾತು ಸುಳ್ಳು ಮಾಡಬಾರ್ದು."

ಒಂದು ಮಾತು ಕೇಳಬಹುದಿತ್ತು. ಮೇಲಿನ ಮಹಡಿ ಅಷ್ಟೇನೂ ದೂರವಿರಲಿಲ್ಲ. ಆವತ್ತು ಅವನೂ ಒಂದು ಮಾತು ಕೇಳಬಹುದಿತ್ತು ಅಂದುಕೊಂಡು ಅವಳು 'ಮಳೆ' ಅನ್ನುವುದರ ಮೇಲೆ ಬೆರಳೊತ್ತಿದಳು. ಉತ್ತರಾ ಮುಗಿಯುವ ತನಕ ಎರಡೂ ದಂಡೆಗೆ ತಡೆ ಬಿತ್ತು, ತಡೆದ ಮಳೆ ಮೂಡಲ ಬಯಲಿನ ಎರೆಹೊಲಗಳ ಪಾಲಾಯಿತು. ಮುಗಿದ ಮರುಕ್ಷಣವೇ ಆ ತಡೆ ತಾನಾಗಿ ಸಡಿಲುವುದು.

ಉಳಿದವರ ಹೊಟ್ಟೆಯ ಮೇಲೆ ಹೊಡೆಯುವ ಮನಸ್ಸು ಅವಳಿಗಿರಲಿಲ್ಲ. ಎರಡೂ ದಂಡೆಯ ಎಲ್ಲ ಊರಿಗೂ ಕೇಂದ್ರದಿಂದ ಸುದ್ದಿ ಹೋಯಿತು: ಉತ್ತರಾ ಒಣ, ಹಸ್ತಾ ಹಸಿ, ಸೋಯಾ ಕೊಯ್ದು ಒಳಗೆ ಮಾಡಿಕೊಳ್ಳಿ. ಜೋಳ ಬಿತ್ತುವವರು ಹಸ್ತಾ ಮಳೆ ಬೇಕೆಂದು ಆಗಲೇ ಫೋನ್ ಮಾಡಿ ಮಾಡಿ ತಲೆ ತಿಂದಿದ್ದರು. ಜನ ಮನೆಮಂದಿಯೆಲ್ಲ ಕೂಡಿ ಕೊಯ್ದರು, ಒಕ್ಕಿದರು, ಹೊಟ್ಟಿನ ಬಣವೆಗೆ ತಾಡಪಾಲು ಹೊದೆಸಿದರು. ಮಾದರಿ ಹೊಲವೊಂದೇ ಮದುವಣಗಿತ್ತಿಯ ಹಾಗೆ ಸಿಂಗಾರಗೊಂಡು ಅತಿಥಿಗಳಿಗಾಗಿ ಕಾದು ನಿಂತಿತು. ಕೇಂದ್ರದ ಸುದ್ದಿ ಲೋಕನಾಥಯ್ಯನಿಗೂ ಹೋಗಿತ್ತು. ಸಣ್ಣಪುಟ್ಟವನ್ನು ಓದುವ ಅಭ್ಯಾಸ ಅವನಿಗಿರಲಿಲ್ಲ.

ಮಂಡಳಿಯವರು ಬಂದರು. ಶಾಮಿಯಾನ, ಕೆಂಪು ಜಮಖಾನೆ, ಕೊಯ್ಲಿನ ಯಂತ್ರಕ್ಕೆ ಹೂವಿನ ಹಾರ. ಲೋಕನಾಥಯ್ಯ ಮೈಕಿನ ಮುಂದೆ ನಿಂತು ಋತುಗಳು ಇನ್ನು ಮುಂದೆ ನಮ್ಮ ಆಳುಗಳು ಅನ್ನುತ್ತಿದ್ದಾಗ ಪಡುವಣದಿಂದ ತಣ್ಣನೆ ಗಾಳಿ ಬೀಸಿತು. ಶಾಮಿಯಾನದ ಅಂಚು ಪಟಪಟ ಹೊಡೆದುಕೊಂಡಿತು. ನಿಯಂತ್ರಣ ಕೋಣೆಯ ಪರದೆಯಲ್ಲಿ ದಾಕ್ಷಾಯಣಿ ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮೊದಲ ಹನಿ ಅವನ ಕನ್ನಡಕದ ಮೇಲೆ ಬಿತ್ತು. ಅವನು ಒರೆಸಿಕೊಂಡು ಮಾತು ಮುಂದುವರಿಸಿದ. ಆಮೇಲೆ ಮಾತಾಡಲು ಆಗಲಿಲ್ಲ. ಕೊಯ್ಲಿನ ಯಂತ್ರ ಕೆಸರಿನಲ್ಲಿ ಹೂತಿತು, ಅತಿಥಿಗಳು ಜಮಖಾನೆಯನ್ನೇ ತಲೆಯ ಮೇಲೆ ಹೊದ್ದುಕೊಂಡು ಕಾರಿನ ಕಡೆ ಓಡಿದರು. ಹಸ್ತಾ ಒಮ್ಮೆ ಹಿಡಿದರೆ ಬಿಡುವ ಮಳೆಯಲ್ಲ. ಅದು ಬಿಡುವ ಹೊತ್ತಿಗೆ ಮಾದರಿ ಹೊಲದ ಕಾಯಿಗಳೊಳಗಿಂದ ಬಿಳಿ ಮೊಳಕೆಗಳು ಹೊರಗೆ ಇಣುಕಿದ್ದವು.

ದಾಕ್ಷಾಯಣಿ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಸಂಗನಹಟ್ಟಿಯಲ್ಲಿ ಅಕ್ಕ ಒಂದು ಕಾಯಿ ಬಿಡಿಸಿ ಅಂಗೈಯಲ್ಲಿ ಹಿಡಿದು ನಿಂತಿದ್ದಾಗ ಇದ್ದದ್ದೂ ಇಂಥದೇ ಮೊಳಕೆ. ಹೊಟ್ಟೆ ತಣ್ಣಗಾಯಿತು ಅನ್ನುತ್ತಾರಲ್ಲ, ಅವಳಿಗೆ ಹಾಗೇ ಆಯಿತು. ಆದರೆ ಇದು ಅರ್ಧ ಮಾತ್ರ.

ವಿಚಾರಣೆ ಕೇಂದ್ರದ ಸಭಾಂಗಣದಲ್ಲೇ ನಡೆಯಿತು. ಮಳೆ ಎಲ್ಲರ ಸೊತ್ತಾದ್ದರಿಂದ ಮಳೆಯ ವಿಚಾರಣೆಯನ್ನೂ ಎಲ್ಲ ಊರಿನವರೂ ಟೀವಿಯಲ್ಲಿ ನೋಡಬಹುದೆಂಬ ನಿಯಮವಿತ್ತು. ಮಂಡಳಿಯ ಪರವಾಗಿ ಕೂತವರು ನೂರಜಹಾನ್ ಮಕಾನದಾರ, ರಾಯಚೂರಿನಲ್ಲಿ ಕೃಷಿ ಕಲಿಸಿ ತಲೆ ನೆರೆಸಿಕೊಂಡಿದ್ದ ವಿಜ್ಞಾನಿ.

"ಇದು ಬೇಕಂತಲೇ ಮಾಡಿದ ಕಿತಾಪತಿ!" ಅಂದ ಲೋಕನಾಥಯ್ಯ. "ನಾನು ಸ್ಪಷ್ಟವಾಗಿ ಹೇಳಿದೀನಿ, ಉತ್ತರಕ್ಕೆ ಮಳೆ ಬೇಡ ಅಂತ."

"ಉತ್ತರಕ್ಕ ಮಳಿ ಆಗಿಲ್ಲಲ್ರಿ ಸರ್" ಅಂದಳು ದಾಕ್ಷಾಯಣಿ. "ಮಳಿ ಆಗಿದ್ದು ಹಸ್ತಾಕ್ಕ."

ಹಿಂದೆ ಕೂತಿದ್ದ ರೈತರಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನಾನು ಹೇಳಿದ್ದು ದಿಕ್ಕು! ನಕ್ಷತ್ರ ಅಲ್ಲ! ಒಂದೇ ಶಬ್ದಕ್ಕೆ ಎರಡು ಅರ್ಥ ಇದ್ರೆ, ಯಾವುದು ಅಂತ ಕೇಳೋದು ಕೇಳಿಸಿಕೊಂಡವರ ಕೆಲಸ ಅಲ್ವಾ?"

ದಾಕ್ಷಾಯಣಿ ಇಷ್ಟು ವರ್ಷ ಕಾದದ್ದು ಈ ಒಂದು ಮಾತಿಗೆ. ಅವಳು ಅವಸರ ಮಾಡಲಿಲ್ಲ. "ಮೇಡಂ, ಸಾಹೇಬ್ರ ಮಾತು ಬರೋಬ್ಬರಿ ಐತ್ರಿ. ಕೇಳಬೇಕಿತ್ತು, ಕೇಳಲಿಲ್ಲ, ನಂದು ತಪ್ಪು. ಶಿಕ್ಷಾ ಕೊಡ್ರಿ, ತಗೋತೀನಿ. ಅದಕ್ಕಿಂತ ಮೊದಲ ಇನ್ನೊಂದು ಫೋನ್ ಕೇಳ್ರಿ. ಸಂಗನಹಟ್ಟಿಯಿಂದ ಬಂದಿದ್ದು, ಪೂರಾ ಕೇಳ್ರಿ. ಆವತ್ತು ಕೇಳಿಸಿಕೊಂಡವರು ಇದೇ ಸಾಹೇಬ್ರು."

ಗೌರವ್ವನ ದನಿ ಸಭಾಂಗಣದಲ್ಲಿ ಮೊಳಗಿತು. ಈಗಿನದಕ್ಕಿಂತ ಗಟ್ಟಿಯಾದ, ನಂಬಿಕೆ ತುಂಬಿದ ದನಿ. ಉತ್ತರಕ್ಕ ಮಳಿ ಬ್ಯಾಡ್ರಿ. ಹಸ್ತಾಕ್ಕ ಬಿಡ್ರಿ, ನಡೀತೈತಿ.

ಮಕಾನದಾರ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಡಾಕ್ಟರೇ, ಇಲ್ಲಿ ಹಸ್ತಾ ಅಂತ ಬಿಡಿಸಿ ಹೇಳ್ಯಾರ. ಆದ್ರೂ ನೀವು ದಿಕ್ಕು ಅಂತ ತಗೊಂಡ್ರಿ. ಕೇಳಿಸಿಕೊಂಡವರು ಹಿಡದದ್ದೇ ಅರ್ಥ ಅನ್ನೂದಾದ್ರ, ಆಕಿ ಕೇಳಿದ್ದು ದಿಕ್ಕು, ನೀವು ಮೊನ್ನೆ ಕೇಳಿದ್ದು ನಕ್ಷತ್ರ. ಹೇಳಿದವರ ಮನಸಿನ್ಯಾಗಿದ್ದದ್ದೇ ಅರ್ಥ ಅನ್ನೂದಾದ್ರ, ನಿಮ್ಮದು ದಿಕ್ಕು, ಆಕೀದು ನಕ್ಷತ್ರ. ಯಾವುದು ಹೇಳ್ರಿ, ಹಂಗ ಬರಕೋತೀವಿ."

ಲೋಕನಾಥಯ್ಯ ಮೊದಲನೆಯದನ್ನು ಒಪ್ಪಿದರೆ ಮಾದರಿ ಹೊಲವನ್ನು ತನ್ನ ಬಾಯಿಂದಲೇ ಮುಳುಗಿಸಿದವನಾಗುತ್ತಿದ್ದ. ಎರಡನೆಯದಾದರೆ ಒಬ್ಬ ಹೆಂಗಸಿನ ಬಾಳು ಮುಳುಗಿಸಿದವನು. ಅವನು ದಾಕ್ಷಾಯಣಿಯ ಕಡೆ ತಿರುಗಿದ. ಅವಳು ಯಾರೆಂಬುದು ಅವನಿಗೆ ಆಗ ಹೊಳೆದಿರಬೇಕು. ಅವಳು ಅವನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ.

"ಆಕೆ ಹೇಳಿದ್ದು ಉತ್ತರಾ ಮಳೆ" ಅಂದ ಕೊನೆಗೆ. "ನಾನು ದಿಕ್ಕು ಅಂದುಕೊಂಡೆ. ಆಮೇಲೆ... ಆಮೇಲೆ ಗೊತ್ತಾಯ್ತು. ಸುಮ್ಮನಿದ್ದೆ."

"ಆಕಿ ಅಂದ್ರ ಯಾರು ಸರ್? ಹೆಸರು ಹೇಳ್ರಿ" ಅಂದಳು ದಾಕ್ಷಾಯಣಿ.

"ಸಂಗನಹಟ್ಟಿಯ ಗೌರವ್ವ. ಅವರ ತಪ್ಪಿರಲಿಲ್ಲ."

ದಿಲ್ಲಿಯ ಕುರ್ಚಿ ಅವನ ಕೈತಪ್ಪಿತು. ದಾಕ್ಷಾಯಣಿಯನ್ನೂ ಬಿಡಲಿಲ್ಲ. ಮೋಡದ ಗುಂಡಿ ಕೈಯಲ್ಲಿಟ್ಟುಕೊಂಡು ಹಗೆ ತೀರಿಸಿಕೊಂಡವಳು ಮತ್ತೆ ಆ ಕೋಣೆಗೆ ಕಾಲಿಡಕೂಡದೆಂದು ಮಕಾನದಾರ ಮೇಡಂ ಬರೆಸಿದರು. ಅವಳನ್ನು ಕಂಬಗಳ ಬಿಡಿಭಾಗ ಇಡುವ ಉಗ್ರಾಣಕ್ಕೆ ಹಾಕಿದರು. ಅವಳು ಹಬ್ಬಕ್ಕೆ ಹೊರಟವಳ ಹಾಗೆ ನಗುತ್ತಲೇ ಬೀಗದಕೈ ಒಪ್ಪಿಸಿದಳು.

ಮುಂದಿನ ವಾರವೇ ಕ್ವಾರ್ಟರ್ಸಿನ ಮುಂದೆ ಒಂದು ಟೆಂಪೊ ಬಂದು ನಿಂತಿತು. ಸಂಗನಹಟ್ಟಿಯ ಬೀಜದ ಸಂಘದ ಹೆಂಗಸರು ಹೊಸ ಇಳಕಲ್ ಸೀರೆ ಉಟ್ಟು ಇಳಿದರು. ಮುಂದಿದ್ದವಳು ಕಾಶವ್ವ, ಒಂದು ಕಾಲದಲ್ಲಿ ಗೌರವ್ವನ ಜೀವದ ಗೆಳತಿ. ಕೈಯಲ್ಲಿದ್ದ ತಾಟಿನಲ್ಲಿ ಕುಬಸದ ಬಟ್ಟೆ, ತೆಂಗಿನಕಾಯಿ, ಎಲೆ ಅಡಿಕೆ, ಜೊತೆಗೆ ಬೀಜದ ಕಾಳು. ಊರ ಮಗಳಿಗೆ ಉಡಿ ತುಂಬಿ, ಮರ್ಯಾದೆಯಿಂದ ಕರೆದೊಯ್ಯಲು ಬಂದಿದ್ದರು.

ದಾಕ್ಷಾಯಣಿಯ ಎದೆ ಉಬ್ಬಿತು. ಓಡಾಡಿ ಚಾಪೆ ಹಾಸಿದಳು, ಚಾಕ್ಕೆ ಇಟ್ಟಳು.

"ಗೌರೀ" ಅಂದಳು ಕಾಶವ್ವ ಕಣ್ಣೊರೆಸಿಕೊಳ್ಳುತ್ತ. "ಟೀವ್ಯಾಗ ಎಲ್ಲಾ ಕೇಳಿದ್ವಿ. ಆ ಸಾಹೇಬ ನಮ್ಮ ಕಣ್ಣಿಗೆ ಮಣ್ಣು ಎರಚಿದ್ನವ್ವಾ. ಏಳು, ಸೆರಗು ಹಿಡಿ. ನಿನ್ನ ಕೈಯಾಗಿನ ಬೀಜ ಇಲ್ಲದ ಊರು ಊರಾಗಿ ಉಳದಿಲ್ಲ."

ಗೌರವ್ವ ಎದ್ದು ನಿಂತಳು. ಸೆರಗನ್ನು ಮುಂದೆ ಹಿಡಿಯಲಿಲ್ಲ. ಸುತ್ತಿ ಸೊಂಟಕ್ಕೆ ಸಿಗಿಸಿಕೊಂಡಳು.

"ಆ ಸಾಹೇಬ ಹೊರಗಿನಾಂವ ಕಾಶವ್ವ. ಉತ್ತರಾ ಅಂದ್ರ ಅವಂಗ ತಿಳೀಲಿಲ್ಲ. ನಿನಗ?"

ಕಾಶವ್ವನ ಕೈಯ ತಾಟು ಅಲ್ಲೇ ನಿಂತಿತು.

"ಚಾವಡ್ಯಾಗ ನನ್ನ ದನಿ ಕೇಳಿಸಿದಾಗ ನೀವೆಲ್ಲಾರೂ ಇದ್ರಿ. ಉತ್ತರಕ್ಕ ಮಳಿ ಬ್ಯಾಡ ಅಂದ್ರ ಏನಂತ ನಿಮ್ಮ ಮನಿ ಸಣ್ಣ ಹುಡುಗ್ರಿಗೂ ಗೊತ್ತಿತ್ತು. ನಾ ಫೋನ್ ಮಾಡುವಾಗ ನೀ ನನ್ನ ಬಾಜೂಕ ನಿಂತಿದ್ದಿ. ಹಸ್ತಾಕ್ಕ ಬೇಕಂತ ಹೇಳು ಗೌರೀ ಅಂತ ನೀನ ನೆನಪು ಮಾಡಿದ್ದಿ. ತಾಲೂಕಿನ ಮಂದಿ ಬೀಜ ಎಲ್ಲಿ ಅಂತ ಮನಿ ಬಾಗಲಕ್ಕ ಬಂದಾಗ, ಎಲ್ಲಾರೂ ಹೊರೂದರ ಬದಲಿ ಒಬ್ಬಾಕಿ ಹೊತ್ರ ಹಗೂರ ಅಂತ ಸುಮ್ಮನ ಕುಂತ್ರಿ. ಸಾಹೇಬಂದೊಂದು ಮಾತು ಸಿಕ್ತು ನಿಮಗ, ಅಷ್ಟ."

ಒಳಗೆ ಚಾ ಉಕ್ಕಿ ಒಲೆಯ ಮೇಲೆ ಚೊರ್ರೆಂದಿತು, ದಾಕ್ಷಾಯಣಿಗೆ ಹೋಗಿ ಇಳಿಸಬೇಕೆಂದು ತೋಚಲಿಲ್ಲ.

"ತಪ್ಪಾತವ್ವಾ, ಹೊಟ್ಟ್ಯಾಗ ಹಾಕ್ಕೋ" ಅಂದಳು ಕಾಶವ್ವ ಸಣ್ಣ ದನಿಯಲ್ಲಿ.

"ಹಾಕ್ಕೊಂಡಿದ್ದೆ. ಇಷ್ಟು ವರ್ಷ ಹೊಟ್ಟ್ಯಾಗ ಇಟಗೊಂಡಿದ್ದೆ. ಇನ್ನ ಆಗಂಗಿಲ್ಲ. ತಗೊಂಡು ಹೋಗ್ರಿ, ಆ ಕಾಳು ಬಿತ್ಕೋರ್ರಿ. ಹುಟ್ಟಿದ್ರ ನಿಮ್ಮ ಪುಣ್ಯಾ. ಗೌರವ್ವನ ಬೀಜ ಅಂತ ಮಾತ್ರ ಯಾರ ಮುಂದೂ ಹೇಳಬ್ಯಾಡ್ರಿ."

ಅವರು ಒಬ್ಬರ ಮುಖ ಒಬ್ಬರು ನೋಡದೆ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು. ಟೆಂಪೊ ಶುರುವಾದ ಸದ್ದು ಕೇಳಿದ ಮೇಲೆ ಗೌರವ್ವ ಬಾಗಿಲು ಹಾಕಿ ಅಗಳಿ ಜಡಿದಳು. ಅಕ್ಕನ ಮುಖದ ಮೇಲೆ ಅಂಥ ಕಸುವನ್ನು ದಾಕ್ಷಾಯಣಿ ನೋಡಿ ಎಷ್ಟೋ ಕಾಲವಾಗಿತ್ತು.

"ಅಕ್ಕಾ" ಅಂದಳು. "ನಾ ಸುಮ್ಮಸುಮ್ಮನ ಆ ಒಬ್ಬನ ಬೆನ್ನು ಹತ್ತಿದ್ನಲ್ಲ. ನನಗ್ಯಾಕ ಮೊದಲ ಹೇಳ್ಲಿಲ್ಲ ನೀ?"

ಗೌರವ್ವ ಉಕ್ಕಿದ ಚಾದ ಪಾತ್ರೆ ಇಳಿಸಿ, ಅರಿವೆಯಿಂದ ಒಲೆ ಒರೆಸಿದಳು.

"ಹೇಳಿದ್ರ ನೀ ಏನ್ ಮಾಡ್ತಿದ್ದಿ? ಮೋಡದ ಗುಂಡಿ ನಿನ್ನ ಕೈಯಾಗಿತ್ತು. ಸಂಗನಹಟ್ಟಿ ಮ್ಯಾಲೆ ಒಂದು ಹನಿ ಬೀಳಾಕ ಬಿಡ್ತಿದ್ದೇನು? ಆ ಊರಾಗ ಸಣ್ಣ ಮಕ್ಕಳದಾವು ದಾಕ್ಷೀ, ದನಕರ ಅದಾವು." ಅವಳು ಅರಿವೆ ಹಿಂಡಿದಳು. "ಈಗ ಗುಂಡಿ ಕಸಕೊಂಡಾರ. ಅದಕ್ಕ ಇವತ್ತು ಬಾಯಿ ಬಿಟ್ಟೆ."

ದಾಕ್ಷಾಯಣಿಗೆ, ಹಂಗೇನ್ ಮಾಡ್ತಿರ್ಲಿಲ್ಲ ಅಕ್ಕಾ, ಅನ್ನಬೇಕೆನಿಸಿತು. ಎಷ್ಟು ಹೊತ್ತು ನಿಂತರೂ ಆ ಮಾತು ಬಾಯಿಗೆ ಬರಲಿಲ್ಲ.